ಕಲ್ಲಾಟಕ್ಕೆ ಬಿದ್ದ ಠಸ್ಸೆ

ಮೇಧಾ, ಇಂಚರಾ, ಇಬ್ಬರೂ ಹತ್ತಿರ ಕೂತು ಕೇಳಿ. ನಾಚಿಕೆ ಎನ್ನುವುದು ಕೆಲವರಿಗೆ ಬಂದು ಹೋಗುವ ನೆಗಡಿಯ ಹಾಗೆ. ನನಗೆ ಮಾತ್ರ ಅದು ಹುಟ್ಟುಮಚ್ಚೆ. ತೊಳೆದರೆ ಹೋಗುವುದಿಲ್ಲ, ಮುಚ್ಚಿದರೆ ಅಡಗುವುದಿಲ್ಲ. ನಿಮ್ಮ ತಾತ ಇದ್ದಾಗ ಮನೆಗೆ ಯಾರಾದರೂ ಬಂದರೆ ನಾನು ಕಾಫಿಯನ್ನು ಲೋಟಕ್ಕೆ ಬಗ್ಗಿಸಿ, ಅಡಿಗೆಮನೆಯ ಬಾಗಿಲಿನವರೆಗೆ ತಂದು, ಅಲ್ಲಿ ನಿಂತು ಬಳೆ ಸದ್ದು ಮಾಡುತ್ತಿದ್ದೆ. ಅವರೇ ಎದ್ದು ಬಂದು ತೆಗೆದುಕೊಂಡು ಹೋಗಬೇಕು. "ನಿನ್ನ ಕೈ ನೋಡಿದೋರು ಈ ತಾಲ್ಲೂಕಲ್ಲಿ ಬೇಕಾದಷ್ಟು ಜನ ಇದಾರೆ ಕಣೆ, ಮುಖ ನೋಡಿದೋನು ನಾನೊಬ್ನೇ" ಎಂದು ತಾತ ನಗುತ್ತಿದ್ದರು. ಮದುವೆಯಾಗಿ ಮನೆ ತುಂಬಿಸಿಕೊಳ್ಳುವ ದಿನ, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ನಾದಿನಿಯರು ಹೊಸಿಲಿಗೆ ಅಡ್ಡ ನಿಂತರು. ನಾನು ಬಾಯಿ ಬಿಡಲಿಲ್ಲ. ಆರತಿಯ ಬತ್ತಿ ಉರಿದು ಮುಗಿಯಿತು, ತಟ್ಟೆ ಹಿಡಿದವರಿಗೆ ಕೈನೋವು ಬಂತು, ಒಳಗೆ ಎಲೆ ಹಾಕಿ ಪಲ್ಯ ಬಡಿಸಿಯಾಗಿತ್ತು. ಕೊನೆಗೆ ಹಸಿವು ತಡೆಯಲಾರದೆ ಅವರೇ ದಾರಿ ಬಿಟ್ಟರು. ಹುಡುಗಿ ಗಟ್ಟಿಗಿತ್ತಿ ಎಂದು ಬೀದಿಯವರೆಲ್ಲ ಹೇಳಿಕೊಂಡರು. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ಹೆದರಿಕೆಯಲ್ಲಿ ನನಗೆ ಆ ಹೆಸರೇ ಮರೆತುಹೋಗಿತ್ತು.

ಇಂಥವಳು ಜಪಾನಿನ ಒಂದು ಶಾಲೆಯಲ್ಲಿ, ನೂರಾರು ಮಕ್ಕಳ ನಡುವೆ ಕೂತು, ಗಂಟಲು ಹರಿಯುವ ಹಾಗೆ ಕೂಗಿದ ಕತೆ ಇದು. ನೀವಿಬ್ಬರೂ ಅಲ್ಲೇ ಇದ್ದಿರಿ, ನಿಜ. ಆದರೆ ನೀವು ಕಂಡದ್ದು ಅರ್ಧ. ಉಳಿದರ್ಧ ನನ್ನ ಹತ್ತಿರ ಇದೆ. ಏಳನೆಯ ಕ್ಲಾಸಿನ ತನಕ ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಅದನ್ನು ಬರೆದಿಡುತ್ತೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ, ನಗು ಬಂದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಿ.

ನಾನು ವಾಕೋ ಊರಿಗೆ ಬಂದು ಎರಡು ವರ್ಷವಾಯಿತು. ನಿಮ್ಮಮ್ಮ ವಸುಧಾ ಬೆಳಿಗ್ಗೆ ಎದ್ದು ಸೈಕಲ್ಲು ಹತ್ತಿ ಸಂಶೋಧನಾ ಸಂಸ್ಥೆಗೆ ಹೋದರೆ, ನಿಮ್ಮಪ್ಪ ರೈಲು ಹತ್ತಿ ಟೋಕಿಯೋಗೆ ಹೋಗುತ್ತಾರೆ. ಅಳಿಯನ ಮನೆಯಲ್ಲಿ ಇರುವ ಅತ್ತೆ ಗೋಡೆ ಗಡಿಯಾರದ ಹಾಗಿರಬೇಕು ಎನ್ನುವುದು ನನ್ನ ಲೆಕ್ಕ. ಇದ್ದಾಳೆ ಎಂದು ಗೊತ್ತಾಗಬೇಕು, ಸದ್ದು ಕೇಳಿಸಬಾರದು. ಹೀಗಾಗಿ ನನಗೆ ನಾನೇ ಒಂದು ಕೆಲಸ ಹಚ್ಚಿಕೊಂಡೆ: ನಿಮ್ಮನ್ನು ಶಾಲೆಗೆ ಕಳಿಸುವುದು. ಈ ದೇಶದಲ್ಲಿ ಮಕ್ಕಳು ಗುಂಪು ಕಟ್ಟಿಕೊಂಡು ತಾವೇ ನಡೆದು ಹೋಗುತ್ತವೆ, ಅಜ್ಜಿಯರು ಬೆನ್ನು ಹತ್ತುವ ಪದ್ಧತಿ ಇಲ್ಲ. ನಾನು ಹತ್ತಿದೆ. "ಅಜ್ಜಿ, ಯಾರ ಅಜ್ಜೀನೂ ಬರಲ್ಲ" ಎಂದು ಮೇಧಾ ಹೇಳಿದ ಮೇಲೆ ಹತ್ತು ಹೆಜ್ಜೆ ಹಿಂದೆ, ಯಾವುದೋ ಬೇರೆ ಕೆಲಸಕ್ಕೆ ಹೊರಟವಳಂತೆ ನಡೆಯತೊಡಗಿದೆ. ಸೀರೆ, ಸ್ವೆಟರು, ಕಾಲುಚೀಲ ಹಾಕಿಕೊಂಡ ಮುದುಕಿಗೆ ಬೆಳಿಗ್ಗೆ ಎಂಟು ಗಂಟೆಗೆ ವಾಕೋದಲ್ಲಿ ಬೇರೆ ಯಾವ ಕೆಲಸ ಇರುತ್ತದೆ ಎಂದು ಯಾರೂ ಕೇಳಲಿಲ್ಲ. ಜಪಾನಿನವರ ಮರ್ಯಾದೆ ದೊಡ್ಡದು.

ಶಾಲೆಯ ಮುಂದಿನ ರಸ್ತೆ ದಾಟುವ ಕಡೆ ಹಳದಿ ಬಾವುಟ ಹಿಡಿದು ಒಬ್ಬರು ಹೆಂಗಸು ನಿಂತಿರುತ್ತಾರೆ, ಹಯಾಶಿ ಸಾನ್, ಅಂದರೆ ಹಯಾಶಿಯವರು. ನನ್ನದೇ ವಯಸ್ಸು, ನನಗಿಂತ ಅರ್ಧ ಗೇಣು ಕುಳ್ಳು. ಸಂಬಳವಿಲ್ಲದೆ, ಮಳೆ ಚಳಿ ಎನ್ನದೆ ದಿನವೂ ನಿಂತು ಮಕ್ಕಳನ್ನು ದಾಟಿಸುತ್ತಾರೆ. ಅವರಿಗೂ ನನಗೂ ಎರಡು ವರ್ಷದ ಸ್ನೇಹ, ಅದರಲ್ಲಿ ಒಂದು ಮಾತೂ ಇಲ್ಲ. ಅವರು ತಲೆ ಬಾಗಿಸುತ್ತಾರೆ, ನಾನೂ ಬಾಗಿಸುತ್ತೇನೆ. ನಾನು ಬಾಗಿಸಿದ್ದಕ್ಕೆ ಅವರು ಮತ್ತೆ ಬಾಗಿಸುತ್ತಾರೆ. ಬಾಗಿದವರನ್ನು ಹಾಗೇ ಬಿಟ್ಟು ಹೋಗುವುದು ಹೇಗೆ ಎಂದು ನಾನು ಇನ್ನೊಮ್ಮೆ. ದೀಪ ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಗುವ ತನಕ ಇದು ನಡೆಯುತ್ತದೆ. ನನ್ನ ಸೊಂಟನೋವಿಗೆ ನಿಮ್ಮಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳಲ್ಲ, ಅದರ ಮೂಲ ಇದು.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮ್ಮ ಶಾಲೆಯಲ್ಲಿ ಬೇರೆ ದೇಶದ ಮಕ್ಕಳು ಬೆರಳೆಣಿಕೆಯಷ್ಟು. ವರ್ಷಕ್ಕೊಂದು ಶನಿವಾರ ಆ ಮನೆಗಳವರು ದೊಡ್ಡ ಆಟದ ಹಾಲಿನಲ್ಲಿ ತಮ್ಮ ತಮ್ಮ ನಾಡಿನದೊಂದು ಮೇಜು ಹಾಕಿ, ತಮ್ಮ ಹಾಡು ಹಸೆ ಕಲೆ ಕಸುಬು ತೋರಿಸಬೇಕು. ಮಕ್ಕಳಿಗೆಲ್ಲ ಒಂದೊಂದು ಕಾರ್ಡು ಕೊಟ್ಟಿರುತ್ತಾರೆ. ಪ್ರತಿ ಮೇಜಿನಲ್ಲೂ ಒಂದು ಠಸ್ಸೆ ಇರುತ್ತದೆ. ನೋಡಿದ್ದಕ್ಕೆ ಗುರುತಾಗಿ ಕಾರ್ಡಿಗೆ ಠಸ್ಸೆ ಒತ್ತಿಸಿಕೊಳ್ಳಬೇಕು. ಕಾರ್ಡು ತುಂಬಿದರೆ ಒಂದು ಪೆನ್ಸಿಲ್ಲು ಬಹುಮಾನ. ಉದ್ದೇಶ ಒಳ್ಳೆಯದೇ. ಆದರೆ ಆ ಠಸ್ಸೆಯೇ ಹೋದ ವರ್ಷ ನಮ್ಮ ಮೇಧಾಳ ಹೊಟ್ಟೆಗೆ ಬೆಂಕಿ ಇಟ್ಟದ್ದು. ಎರಡು ವಾರ ಕನ್ನಡಿ ಮುಂದೆ ನಿಂತು ಕರ್ನಾಟಕದ ಅರಮನೆ, ಗುಡಿ, ನದಿಗಳ ಬಗ್ಗೆ ಜಪಾನಿ ಭಾಷೆಯಲ್ಲಿ ಭಾಷಣ ಬಾಯಿಪಾಠ ಮಾಡಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಮಕ್ಕಳು ಕಾರ್ಡು ಚಾಚಿ, ಠಸ್ಸೆ ಒತ್ತಿಸಿಕೊಂಡು, ಬ್ರೆಜಿಲಿನವರ ಮೇಜಿಗೆ ಓಡುತ್ತಿದ್ದವು. ಅಲ್ಲಿ ದೊಡ್ಡ ಡ್ರಮ್ಮಿತ್ತು. ಇಡೀ ದಿನದಲ್ಲಿ ಒಬ್ಬನೇ ಒಬ್ಬ ಹುಡುಗ ನಿಂತು ಅವಳ ಮುಖ ನೋಡಿದನಂತೆ. ಇವಳು ಖುಷಿಯಿಂದ ಭಾಷಣ ಶುರು ಮಾಡಿದಳಂತೆ. ಅವನು ಕೇಳಿದ್ದು, ಟಾಯ್ಲೆಟ್ಟು ಯಾವ ಕಡೆ ಅಂತ.

ಈ ವರ್ಷ ಪಾಲಕರ ಸಭೆಯಲ್ಲಿ ಆ ಶನಿವಾರದ ಜವಾಬ್ದಾರಿ ಯಾರಿಗೆ ಎನ್ನುವ ಪ್ರಶ್ನೆ ಬಂತು. ಇಂಥ ಪ್ರಶ್ನೆಯನ್ನು ಇಲ್ಲಿ ತೀರ್ಮಾನಿಸುವ ಕ್ರಮ ಕೇಳಿ: ದೊಡ್ಡ ದೊಡ್ಡ ಹೆಂಗಸರು, ಗಂಡಸರು ವೃತ್ತಾಕಾರವಾಗಿ ನಿಂತು, ಕೈ ಬೀಸಿ, ಕಲ್ಲು–ಕಾಗದ–ಕತ್ತರಿ ಆಡುತ್ತಾರೆ. ಸೋತವರಿಗೆ ಕೆಲಸ. ನಿಮ್ಮಮ್ಮ ಎಂಥೆಂಥದೋ ಯಂತ್ರಗಳ ಮುಂದೆ ಕೂತು ಕಣ್ಣಿಗೆ ಕಾಣದ್ದನ್ನೆಲ್ಲ ಅಳೆಯುವವಳು. ಕಾಗದ ಹಿಡಿದಳು. ಮಿಕ್ಕವರೆಲ್ಲ ಕತ್ತರಿ. ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡು, "ಅಮ್ಮಾ, ನಾನೇ ಇನ್‌ಚಾರ್ಜು. ಈ ಸಲ ನಮ್ಮ ಮೇಜು ಚೆನ್ನಾಗಿಲ್ಲ ಅಂದ್ರೆ ಮುಖ ತೋರ್ಸಕ್ಕಾಗಲ್ಲ" ಅಂದಳು.

ಆಗ ಮೇಧಾ, ನೀನು ಪುಸ್ತಕದಿಂದ ತಲೆ ಎತ್ತದೆ ಅಂದೆ: "ನಾನು ಈ ಸಲ ನಿಲ್ಲಲ್ಲ. ಆ ದಿನ ನಂಗೆ ಹುಷಾರಿರಲ್ಲ."

"ಇನ್ನೂ ಮೂರು ವಾರ ಇದೆ, ಈಗ್ಲೇ ಗೊತ್ತಾಗೋಯ್ತಾ?"

"ಹೊಟ್ಟೆ ನೋವು ಬರುತ್ತೆ. ಅಮ್ಮಾ, ಅವ್ರೆಲ್ಲ ಸ್ಟಾಂಪ್‌ಗೆ ಬರ್ತಾರೆ. ನನ್ನನ್ನ ನೋಡಲ್ಲ. ಬ್ರೆಜಿಲ್ ಹತ್ರ ಡ್ರಮ್ ಇದೆ. ನಮ್ ಹತ್ರ ಪೇಪರ್ ಇದೆ."

ಕೊಬ್ಬರಿ ಮಿಠಾಯಿ ಮಾಡಿ ಹಂಚೋಣ ಎಂದು ನಿಮ್ಮಮ್ಮ ಅಂದಳು, ಆದರೆ ಯಾವ ಮಗುವಿಗೆ ಯಾವುದು ಮೈಗೆ ಆಗುವುದಿಲ್ಲವೋ ಎಂದು ಶಾಲೆಯಲ್ಲಿ ಹೊರಗಿನ ತಿಂಡಿಗೆ ಅಪ್ಪಣೆಯಿಲ್ಲ. ನಿಮ್ಮಪ್ಪ, ಪಾಪ, ಎಲ್ಲ ಕಷ್ಟಕ್ಕೂ ಅವರ ಹತ್ತಿರ ಇರುವ ಒಂದೇ ಔಷಧವನ್ನು ಮುಂದಿಟ್ಟರು: "ಒಂದು ಇಪ್ಪತ್ತು ಸ್ಲೈಡ್ ಮಾಡ್ಬಿಡ್ಲಾ?" ನಾನು ಮೂಲೆಯಲ್ಲಿ ಕೂತು ತಟ್ಟೆಯಲ್ಲಿ ಹುರುಳಿಕಾಳು ಆರಿಸುತ್ತಿದ್ದೆ. ಗಡಿಯಾರದ ಕೆಲಸ ಗಡಿಯಾರಕ್ಕೆ. ಆಗ ಇಂಚರಾ ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟು, "ಅಜ್ಜಿ, ನಿನ್ ಸ್ಕೂಲಲ್ಲಿ ಏನ್ ಮಾಡ್ತಿದ್ರಿ?" ಎಂದು ಕೇಳಿದಳು. ನಾನು ಯೋಚನೆ ಮಾಡದೆ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ: "ಕಲ್ಲಾಟ ಆಡ್ತಿದ್ವಿ ಪುಟ್ಟಿ."

ನಮ್ಮದು ಒಂದೇ ಕೋಣೆಯ ಶಾಲೆ, ಒಬ್ಬರೇ ಮೇಷ್ಟ್ರು. ಅವರು ಒಂದು ಕ್ಲಾಸಿಗೆ ಮಗ್ಗಿ ಹೇಳಿಸುವಾಗ ಮಿಕ್ಕ ಕ್ಲಾಸುಗಳವರು ಜಗುಲಿಯ ಮೇಲೆ ಬರೆದುಕೊಂಡಿರಬೇಕು. ಹುಡುಗಿಯರೆಲ್ಲ ಲಂಗದ ಅಂಚಿನಲ್ಲಿ ಐದು ಕಲ್ಲು ಕಟ್ಟಿಕೊಂಡೇ ಬರುತ್ತಿದ್ದೆವು. ಒಂದನ್ನು ಮೇಲಕ್ಕೆ ಎಸೆದು ಅದು ಕೆಳಗೆ ಬರುವುದರೊಳಗೆ ನೆಲದಿಂದ ಒಂದನ್ನು ಎತ್ತಿ, ಎಸೆದದ್ದನ್ನೂ ಹಿಡಿಯಬೇಕು. ಅದು ಒಂದರ ಆಟ. ಆಮೇಲೆ ಎರಡೆರಡು, ಆಮೇಲೆ ಮೂರು, ನಾಲ್ಕು. ಎತ್ತುವಾಗ ಪಕ್ಕದ ಕಲ್ಲು ಕೂದಲೆಳೆಯಷ್ಟು ಅಲುಗಾಡಿದರೂ ಔಟು. ಕೊನೆಗೆ ಐದನ್ನೂ ಎಸೆದು ಮುಂಗೈ ಮೇಲೆ ಹಿಡಿಯುವುದು. ಮಗ್ಗಿ ಹೇಳು ಎಂದರೆ ಬೆವರುತ್ತಿದ್ದ ನಾನು ಕಲ್ಲು ಕೈಗೆ ಬಂದರೆ ಬೇರೆ ಹುಡುಗಿಯಾಗುತ್ತಿದ್ದೆ. ಮೇಷ್ಟ್ರು ನಮ್ಮಿಂದ ಕಿತ್ತುಕೊಂಡ ಕಲ್ಲುಗಳನ್ನೆಲ್ಲ ತಮ್ಮ ಕುರ್ಚಿಯ ಪಕ್ಕ ಸುರಿಯುತ್ತಿದ್ದರು. ಅದರಲ್ಲಿ ಮುಕ್ಕಾಲು ನನ್ನವು. ನಾನು ಏಳನೆಯ ಕ್ಲಾಸು ಮುಗಿಸುವ ಹೊತ್ತಿಗೆ ಒಂದು ಸಣ್ಣ ಗೋಡೆ ಕಟ್ಟುವಷ್ಟು ಆಗಿತ್ತು.

ಇಷ್ಟು ಹೇಳಿ ನೋಡುತ್ತೇನೆ, ಮೇಧಾ ಪುಸ್ತಕ ಮುಚ್ಚಿದ್ದಾಳೆ. "ತೋರ್ಸು ಅಜ್ಜಿ" ಅಂದಳು. ಅಷ್ಟೇ. ಮಾರನೆಯ ಬೆಳಿಗ್ಗೆ ನಾನು ಕಲ್ಲು ಹುಡುಕಲು ಹೊರಟೆ.

ಜಪಾನಿನಲ್ಲಿ ಬಿದ್ದ ಕಲ್ಲು ಎನ್ನುವುದು ಇಲ್ಲ, ಮಕ್ಕಳೆ. ಇಲ್ಲಿ ಕಲ್ಲು ಇರುತ್ತದೆ, ಅಥವಾ ಇರುವುದಿಲ್ಲ. ರಸ್ತೆಯಲ್ಲಿ ಒಂದೂ ಸಿಗಲಿಲ್ಲ. ನಮ್ಮ ಕಟ್ಟಡದ ಬಾಗಿಲಿನ ಪಕ್ಕ ಮಾತ್ರ ನುಣ್ಣನೆಯ ಬಿಳಿ ಕಲ್ಲುಗಳನ್ನು ಹರಡಿ, ಬಾಚಿ, ಗೆರೆ ಎಳೆದು ಚೆಂದ ಮಾಡಿಟ್ಟಿದ್ದರು. ಸಾವಿರಾರು ಕಲ್ಲಿನಲ್ಲಿ ಐದು ಕಲ್ಲು ಯಾರಿಗೆ ಲೆಕ್ಕ ಎಂದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡು ಬಂದೆ. ಎರಡು ದಿನ ಮೂವರೂ ಆಡಿದೆವು. ಮೂರನೆಯ ದಿನ ಲಿಫ್ಟಿನಲ್ಲಿ ಹೊಸ ಕಾಗದ ಅಂಟಿಸಿತ್ತು. ಅದರಲ್ಲಿ ಕೈಮುಗಿದು ತಲೆ ಬಾಗಿಸಿದ ಒಂದು ಪುಟ್ಟ ಬೊಂಬೆಯ ಚಿತ್ರ.

"ಯಾರೋ ಕಲ್ಲು ತಗೊಂಡಿದಾರಂತೆ ಅಜ್ಜಿ" ಎಂದು ಮೇಧಾ ಓದಿ ಹೇಳಿದಳು. "ದಯವಿಟ್ಟು ಕಲ್ಲುಗಳನ್ನ ಅವು ಇರೋ ಕಡೇನೇ ಇರಕ್ಕೆ ಬಿಡಿ, ಸಹಕಾರಕ್ಕೆ ಧನ್ಯವಾದ ಅಂತಿದೆ. ಐದು ಕಲ್ಲು."

"ಐದು ಅಂತ ಬರ್ದಿದಾರಾ?"

"ಹೂಂ. ಎಣಿಸಿದಾರೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಧನ್ಯವಾದ ಹೇಳಿದ್ದಾರಲ್ಲ, ಅದನ್ನು ತಡೆಯಲಾಗಲಿಲ್ಲ. ಆ ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಇಳಿದು ಹೋಗಿ, ಯಾವ ಕಲ್ಲು ಎಲ್ಲಿತ್ತು ಎಂದು ನೆನಪು ಮಾಡಿಕೊಂಡು ಒಂದೊಂದನ್ನೇ ಇಡುತ್ತಿದ್ದೆ. ನಾಲ್ಕನೆಯದು ಇಡುವಾಗ ಬಾಚಣಿಗೆಯಂಥ ಕುಂಟೆ ಹಿಡಿದು ಕಾವಲಿನ ಮುದುಕರು ಪ್ರತ್ಯಕ್ಷರಾದರು. ಅವರು ಬಾಗಿದರು, ನಾನು ಬಾಗಿದೆ, ಐದನೆಯ ಕಲ್ಲು ಸೆರಗಿನಿಂದ ಜಾರಿ ಅವರ ಕಾಲ ಹತ್ತಿರ ಬಿತ್ತು. "ಸುಮಿಮಾಸೆನ್" ಎಂದೆ. ತಪ್ಪಾಯಿತು ಎನ್ನುವುದಕ್ಕೆ ನನಗೆ ಬರುವ ಮಾತು ಅದೊಂದೇ. ಮಾರನೆಯ ದಿನ ಲಿಫ್ಟಿನಲ್ಲಿ ಬೇರೆ ಕಾಗದ, ಬೊಂಬೆ ಈಗ ನಗುತ್ತಿತ್ತು: "ಕಲ್ಲುಗಳು ಮರಳಿ ಬಂದಿವೆ. ಎಲ್ಲರಿಗೂ ಧನ್ಯವಾದ." ಒಂದು ವಾರ ನಾನು ಮೆಟ್ಟಿಲಲ್ಲೇ ಓಡಾಡಿದೆ.

ಅಂಗಡಿಯಿಂದ ಕಲ್ಲು ತಂದರಾಯಿತು ಎಂದು ನಿಮ್ಮಮ್ಮ ಅಂದಳು. ಆದರೆ ಮೇಧಾಳ ಕ್ಲಾಸಿನ ಟೀಚರು ಸಾತೋ ಸೆನ್ಸೇ ಫೋನಿನಲ್ಲಿ ಬಹಳ ಹೊತ್ತು "ಸಾ..." ಎಂದು ರಾಗ ಎಳೆದರಂತೆ. ಅದರರ್ಥ ಇಲ್ಲ ಎಂದು. ಕಲ್ಲು ಎಸೆಯುವ ಆಟವನ್ನು ಶಾಲೆಯವರು ಒಪ್ಪುವುದು ಹೇಗೆ, ಯಾರ ತಲೆಗಾದರೂ ಬಿದ್ದರೆ? ಕಲ್ಲಿಲ್ಲದೆ ಕಲ್ಲಾಟ ಆಡಿ ಎಂದರು. ಮೇಧಾ ಮತ್ತೆ ಪುಸ್ತಕ ತೆರೆದಳು. "ಬಿಡು ಅಜ್ಜಿ. ನಂಗೆ ಹೊಟ್ಟೆ ನೋವು ಬಂದೇ ಬರುತ್ತೆ" ಅಂದಳು. ಹತ್ತು ವರ್ಷದ ಮಗು ಅಷ್ಟು ತಣ್ಣಗೆ ಮಾತಾಡಬಾರದು. ನಾನು ಎದ್ದು ಹೋಗಿ ನನ್ನ ಟ್ರಂಕು ತೆಗೆದೆ.

ಟ್ರಂಕಿನ ತಳದಲ್ಲಿ ರವಿಕೆ ಕಣಗಳ ಗಂಟು ಇತ್ತು. ಕಣದ ವಿಚಾರ ನಿಮಗೆ ಗೊತ್ತಿರಲಿ. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಗೆ ಅರಿಶಿನ ಕುಂಕುಮದ ಜೊತೆ ಒಂದು ರವಿಕೆ ಬಟ್ಟೆ ಕೊಟ್ಟು ಕಳಿಸುತ್ತಾರೆ. ಅದು ಯಾವ ಸೀರೆಗೂ ಹೊಂದುವುದಿಲ್ಲ. ಹೊಲಿಸಲು ಹೋದರೆ ತೋಳಿಗೆ ಸಾಲುವುದಿಲ್ಲ. ಹಾಗಾಗಿ ಅವಳು ಅದನ್ನು ಮಡಚಿಟ್ಟು ಇನ್ನೊಬ್ಬಳಿಗೆ ಕೊಡುತ್ತಾಳೆ, ಅವಳು ಮತ್ತೊಬ್ಬಳಿಗೆ. ಹುಟ್ಟಿದಂದಿನಿಂದ ಮಡಿಕೆ ಬಿಚ್ಚದ ಕಣಗಳಿವೆ. ಒಮ್ಮೆ ನಾನು ಗೌರಿಹಬ್ಬದಲ್ಲಿ ಕೊಟ್ಟ ಹಸಿರು ಕಣ ಊರೆಲ್ಲ ಸುತ್ತಿ ಸಂಕ್ರಾಂತಿಗೆ ನನಗೇ ವಾಪಸು ಬಂದಿತ್ತು. ನಾನು ಕೊಡುವ ಸಾಲಿನಿಂದ ಹೊರಗೆ ಬಿದ್ದ ಮೇಲೂ ಗಂಟನ್ನು ಬಿಸಾಡಲು ಮನಸ್ಸಾಗದೆ, ನಿಮ್ಮಮ್ಮನಿಗೆ ಬೇಕಾಗಬಹುದು ಎಂದು ಸಮುದ್ರ ದಾಟಿಸಿ ತಂದಿದ್ದೆ. ಅವತ್ತು ಮೊದಲ ಸಲ ಒಂದು ಕಣಕ್ಕೆ ಕತ್ತರಿ ಹಾಕಿದೆ. ಹೆಬ್ಬೆಟ್ಟಿನಷ್ಟು ದೊಡ್ಡ ಚೀಲಗಳನ್ನು ಹೊಲಿದು, ಒಳಗೆ ಹುರುಳಿ ತುಂಬಿ, ಬಾಯಿ ಮುಚ್ಚಿದೆ. ಐದಾದ ಮೇಲೆ ಎಸೆದು ನೋಡಿದೆ. ಕಲ್ಲಿಗಿಂತ ಚೆನ್ನಾಗಿ ಕೈಯಲ್ಲಿ ಕೂರುತ್ತಿತ್ತು. ತಲೆ ಮೇಲೆ ಬಿದ್ದರೆ ಮುದ್ದು ಮಾಡಿದ ಹಾಗೆ. ಒಂದು ವಾರದಲ್ಲಿ ಐದೈದರ ಎಂಟು ಜೊತೆ ಹೊಲಿದೆ.

ಇದಕ್ಕೂ ಶಾಲೆಯಿಂದ ಒಂದು ಫಾರಂ ಬಂತು. ನಿಮ್ಮಮ್ಮ ಸಾತೋ ಸೆನ್ಸೇ ಜೊತೆ ಫೋನಿನಲ್ಲಿ ಮಾತಾಡಿದ್ದನ್ನು ನನಗೆ ಆಮೇಲೆ ಕನ್ನಡದಲ್ಲಿ ಹೇಳಿದಳು.

"ಇದು ಆಹಾರವೇ?"

"ಅಲ್ಲ."

"ಒಳಗೆ ಇರುವುದು?"

"ಆಹಾರ."

"ಹಾಗಾದರೆ?"

"ಹೊಲಿದ ಮೇಲೆ ಅಲ್ಲ."

ಸೆನ್ಸೇ ಎರಡು ದಿನ ಯೋಚಿಸಿ, ಎರಡೆರಡು ಸಲ ಹೊಲಿಗೆ ಹಾಕಬೇಕು, ತಿನ್ನಬಾರದು ಎಂದು ಬೋರ್ಡು ಬರೆದಿಡಬೇಕು ಎನ್ನುವ ಷರತ್ತಿನ ಮೇಲೆ ಒಪ್ಪಿದರು. ಮೇಧಾಳೂ ತನ್ನ ಷರತ್ತು ಹಾಕಿದಳು: "ಸ್ಟಾಂಪ್ ಮಾತ್ರ ಒತ್ತೀನಿ. ಮಾತಾಡಲ್ಲ. ಸ್ಪೀಚೂ ಇಲ್ಲ." "ನಾನೂ ಮಾತಾಡಲ್ಲ" ಎಂದು ನಾನು ಸಂತೋಷದಿಂದ ಹೇಳಿದೆ. ಹೀಗೆ ಕರ್ನಾಟಕದ ಪರಂಪರೆಯನ್ನು ಜಗತ್ತಿಗೆ ಸಾರಲು ಬಾಯಿ ಬಿಡದ ಇಬ್ಬರು ಹೊರಟೆವು.

ಶನಿವಾರ ಬಂತು. ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವರು ಕೊಟ್ಟ ಸ್ಲಿಪ್ಪರು ಮೆಟ್ಟಿಕೊಳ್ಳಬೇಕು. ಅದು ನನ್ನ ಕಾಲಿಗೆ ದೋಣಿಯಷ್ಟಿತ್ತು. ಒಂದು ಹೆಜ್ಜೆ ನಾನಿಟ್ಟರೆ ಅದು ಅರ್ಧ ಹೆಜ್ಜೆ ಇಡುತ್ತಿತ್ತು. ಹಾಲಿಗೆ ಹೋದರೆ ನಮ್ಮ ಮೇಜು ಸರಿಯಾಗಿ ಬ್ರೆಜಿಲಿನವರ ಡ್ರಮ್ಮಿನ ಪಕ್ಕದಲ್ಲಿ. ಮೇಧಾ ನನ್ನ ಕಡೆ ನೋಡಿದಳು. ನಾನು ಸ್ಲಿಪ್ಪರಿನ ಕಡೆ ನೋಡಿದೆ. ಮೇಜಿನ ಮೇಲೆ ನಿಮ್ಮಪ್ಪ ಬೇಡವೆಂದರೂ ಮಾಡಿ ತಂದಿದ್ದ ಇಪ್ಪತ್ತು ಸ್ಲೈಡು ತಾನೇ ಓಡುತ್ತಿತ್ತು. ಅದರ ಮುಂದೆ ಚಾಪೆ ಹಾಸಿ, ಹುರುಳಿ ಚೀಲಗಳನ್ನು ಹರಡಿಕೊಂಡು ನಾನು ಚಕ್ಕಳಮಕ್ಕಳ ಹಾಕಿ ಕೂತೆ. ಮೇಧಾ ನವಿಲಿನ ಚಿತ್ರದ ಠಸ್ಸೆ ಹಿಡಿದು ನಿಂತಳು.

ಬಾಗಿಲು ತೆರೆದರು. ಮಕ್ಕಳು ನುಗ್ಗಿದವು. ಮುಂದಿನ ಒಂದು ಗಂಟೆ ನಾನು ಕಂಡದ್ದು ಬರೀ ಕೈಗಳು. ಕಾರ್ಡು ಚಾಚಿದ ಕೈ, ಠಸ್ಸೆಯ ಸದ್ದು, ಓಟ. ಹೋದ ವರ್ಷದ್ದೇ ಕತೆ. ನಿಮ್ಮಮ್ಮ ತೋಳಿಗೆ ಪಟ್ಟಿ ಕಟ್ಟಿಕೊಂಡು ಹಾಲಿನ ತುಂಬ ಓಡಾಡುತ್ತ, ನಮ್ಮ ಮೇಜಿನ ಹತ್ತಿರ ಬಂದಾಗಲೆಲ್ಲ ಕಷ್ಟಪಟ್ಟು ನಗುತ್ತಿದ್ದಳು. ಲ್ಯಾಪ್‌ಟಾಪು ಬೇಜಾರಾಗಿ ತಾನೇ ಆರಿಹೋಯಿತು. ಮೇಧಾ, ನಿನ್ನ ತಲೆ ಬಗ್ಗುತ್ತಾ ಬಗ್ಗುತ್ತಾ ಗಲ್ಲ ಎದೆಗೆ ಮುಟ್ಟಿತು. ನನಗೆ ಎದ್ದು ಹೋಗಿ ಆ ಮಕ್ಕಳ ಅಂಗಿ ಹಿಡಿದು ನಿಲ್ಲಿಸಬೇಕು ಅನ್ನಿಸಿತು. ಮೊಣಕಾಲೂ ನಾಚಿಕೆಯೂ ಏಳಲು ಬಿಡಲಿಲ್ಲ. ಏನೂ ತೋಚದೆ ಕೈ ತನ್ನಷ್ಟಕ್ಕೆ ತಾನು ಒಂದು ಚೀಲ ಎಸೆಯಿತು, ಒಂದನ್ನು ಎತ್ತಿತು, ಹಿಡಿಯಿತು. ಬೇರೆಯವರು ಜಪಮಣಿ ತಿರುಗಿಸುವುದಿಲ್ಲವೇ, ಹಾಗೆ. ಒಂದರ ಆಟ ಮುಗಿಯಿತು, ಎರಡರದು ಮುಗಿಯಿತು. ನಾಲ್ಕರ ಆಟಕ್ಕೆ ಎಸೆಯುವ ಹೊತ್ತಿಗೆ ಚಾಪೆಯ ಅಂಚಿಗೆ ಯಾರೋ ಬಂದು ಮಂಡಿಯೂರಿ ಕೂತರು. ನೋಡಿದರೆ ಹಯಾಶಿ ಸಾನ್.

ಈ ಸಲ ಅವರು ಬಾಗಲಿಲ್ಲ. ಕಣ್ಣು ನನ್ನ ಕೈಯ ಮೇಲೇ ಇತ್ತು. "ಒತೆದಾಮ" ಎಂದರು, ಕಳೆದುಹೋದ ಒಡವೆ ಸಿಕ್ಕವರ ಹಾಗೆ. ಎರಡೂ ಕೈ ಚಾಚಿ ಮೂರು ಚೀಲ ಇಸಿದುಕೊಂಡರು. ಒಂದರ ಹಿಂದೆ ಒಂದನ್ನು ಗಾಳಿಗೆ ಬಿಟ್ಟರು ನೋಡಿ, ಮೂರೂ ಕೆಳಗೆ ಬೀಳುವುದನ್ನೇ ಮರೆತವು! ನಮ್ಮ ಹಸಿರು, ಕೆಂಪು, ಅರಿಶಿನ ಬಣ್ಣದ ಕಣಗಳು ಅವರ ಮುಖದ ಮುಂದೆ ಬಳೆಯ ಹಾಗೆ ಸುತ್ತುತ್ತಿದ್ದವು. ಅವರು ಏನೋ ಹೇಳತೊಡಗಿದರು. ಮೇಧಾ ತಲೆ ಎತ್ತಿದಳು.

"ಅಜ್ಜಿ! ಒತೆದಾಮ ಅಂದ್ರೆ ಇಂಥ ಚೀಲಾನೇ. ಇವ್ರಿಗೆ ಇವ್ರ ಅಜ್ಜಿ ಹೇಳ್ಕೊಟ್ಟಿದ್ದಂತೆ. ಹಳೇ ಕಿಮೋನೋ ಬಟ್ಟೇಲಿ ಹೊಲಿದು, ಒಳಗೆ ಅಜುಕಿ ಕಾಳು ಹಾಕಿ. ಸೇಮ್! ಯಾರೂ ಹೇಳ್ಕೊಡ್ದೆ ನೀನು ಹೆಂಗೆ ಮಾಡ್ದೆ ಅಂತಿದಾರೆ."

"ಕಲ್ಲು ಬೇಡ ಅಂದ್ರಲ್ಲ, ಅದಕ್ಕೆ ಮಾಡ್ದೆ ಅನ್ನು."

"ಹಂಗೇ ಹೇಳ್ಲಾ?"

"ಬೇಡ. ನಮ್ಮದು ಇನ್ನೂ ಕಷ್ಟ, ಆಡ್ತೀರಾ ಅಂತ ಕೇಳು."

ಈ ಮಾತು ನನ್ನ ಬಾಯಿಂದ ಬಂತು ಎನ್ನುವುದನ್ನು ನಾನು ಇವತ್ತಿಗೂ ನಂಬಲಾರೆ. ಹಯಾಶಿ ಸಾನ್ ತೋಳು ಮಡಚಿಕೊಂಡರು. ಎರಡು ವರ್ಷ ಬಾವುಟ ಹಿಡಿದು ನಗುತ್ತಿದ್ದ ಆ ಹೆಂಗಸಿನ ಕಣ್ಣಲ್ಲಿ ಹನ್ನೆರಡು ವರ್ಷದ ಹಟಮಾರಿ ಹುಡುಗಿ ಕಂಡಳು. ನನ್ನ ಕಣ್ಣಲ್ಲೂ ಅವರಿಗೆ ಅದೇ ಕಂಡಿರಬೇಕು. ಮೇಧಾ ನಿಯಮ ಹೇಳಿದಳು. ಒಂದರ ಆಟಕ್ಕೆ ಇಂಚರಾ ಕೂಗಿ ಎಣಿಸಿದಳು, "ಒಂದೂ, ಎರಡೂ!" ಎರಡರ ಆಟದಲ್ಲಿ ಹಯಾಶಿ ಸಾನ್ ಬೆರಳು ಪಕ್ಕದ ಚೀಲಕ್ಕೆ ತಗುಲಿತು. ನಾನು ಹಾಲಿನ ಸೂರು ಹಾರುವ ಹಾಗೆ ಕೂಗಿದೆ: "ಅಲುಗಾಡ್ತು! ಅಲುಗಾಡ್ತು! ಔಟು!"

ಡ್ರಮ್ಮು ನಿಂತುಹೋಯಿತು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಂದು ಕ್ಷಣ ನನಗೆ ಆರತಿಯ ಬತ್ತಿ ಉರಿದು ಮುಗಿದ ದಿನ ನೆನಪಾಗಿ ಚಾಪೆಯೊಳಗೆ ಸುತ್ತಿಕೊಂಡು ಮಲಗಿಬಿಡೋಣ ಅನ್ನಿಸಿತು. ಆದರೆ ಹಯಾಶಿ ಸಾನ್ ತೊಡೆ ತಟ್ಟಿಕೊಂಡು ನಕ್ಕು, ಚೀಲಗಳನ್ನು ನನ್ನ ಮುಂದೆ ತಳ್ಳಿ, "ಆಡು" ಎನ್ನುವ ಹಾಗೆ ಗಲ್ಲ ಎತ್ತಿದರು. ಆಮೇಲೆ ಯಾರು ನೋಡಿದರೆ ನನಗೇನು! ಬ್ರೆಜಿಲಿನ ಡ್ರಮ್ಮಿನವರೂ ಕೋಲು ಕಂಕುಳಲ್ಲಿಟ್ಟುಕೊಂಡು ಬಂದು ನಿಂತರು. ಮಕ್ಕಳು ಮೂರು ಸುತ್ತು ಕಟ್ಟಿದವು. ಹಿಂದಿನವು ಕಾಣಿಸದೆ ಕುಣಿದವು. "ನಂಗೂ, ನಂಗೂ" ಎಂದು ಅವರ ಭಾಷೆಯಲ್ಲಿ ಕೂಗಿದವು. ಆಗ ಮೇಧಾ ಠಸ್ಸೆಯನ್ನು ಬೆನ್ನ ಹಿಂದೆ ಹಿಡಿದು, ಸ್ಟೂಲಿನ ಮೇಲೆ ಹತ್ತಿ, ಹೊಸ ಕಾನೂನು ಸಾರಿದಳು: ಒಂದರ ಆಟ ಆಡಿ ಮುಗಿಸಿದವರಿಗೆ ಮಾತ್ರ ನವಿಲು. ಸುಮ್ಮನೆ ಯಾರಿಗೂ ಇಲ್ಲ.

ಆಮೇಲೆ ನಡೆದದ್ದು ಜಪಾನಿನಲ್ಲಿ ಮಾತ್ರ ನಡೆಯಲು ಸಾಧ್ಯ. ಬೆಳಿಗ್ಗೆಯೇ ನವಿಲು ಒತ್ತಿಸಿಕೊಂಡು ಓಡಿಹೋಗಿದ್ದ ಮಕ್ಕಳು ಒಂದೊಂದಾಗಿ ವಾಪಸು ಬಂದವು. ಕಾರ್ಡಿನಲ್ಲಿ ನವಿಲಿನ ಮೇಲೆ ಹೆಬ್ಬೆರಳು ಮುಚ್ಚಿಕೊಂಡು, ತಲೆ ತಗ್ಗಿಸಿ, "ನಾವು ಆಡದೆ ಒತ್ತಿಸಿಕೊಂಡುಬಿಟ್ಟಿದ್ದೇವೆ, ಈಗ ಆಡಬಹುದೇ?" ಎಂದು ಮೇಧಾಳನ್ನು ಕೇಳಿದವು. ಯಾರೂ ಹೇಳದೆ ಸಾಲು ನಿಂತವು. ಸಾಲು ಹಾಲಿನ ಬಾಗಿಲು ದಾಟಿ ಚಪ್ಪಲಿ ಇಡುವ ಕಡೆಗೆ ಮುಟ್ಟಿತು. ಹೆಡ್‌ಮಾಸ್ಟರೂ ಕೋಟು ಬಿಚ್ಚಿ ಕೂತು ಆಡಿದರು, ಮೂರನೆಯ ಚೀಲ ಎತ್ತುವಾಗ ನಾಲ್ಕನೆಯದನ್ನು ತಳ್ಳಿದರು. ಸುತ್ತಲಿದ್ದ ಪುಟಾಣಿಗಳೆಲ್ಲ ಒಂದೇ ಬಾಯಲ್ಲಿ "ಅಲುಗಾಡ್ತು!" ಎಂದು ಕಿರುಚಿದವು. ವಾಕೋದ ಆ ಶಾಲೆಯ ಮಕ್ಕಳು ಕಲಿತ ಮೊದಲನೆಯ ಕನ್ನಡ ಮಾತು ಅದು. ಮೇಧಾ ಹೆಡ್‌ಮಾಸ್ಟರಿಗೂ ಠಸ್ಸೆ ಒತ್ತಲಿಲ್ಲ. ಅವರು ಬಾಗಿ, ಕೋಟು ಎತ್ತಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತರು.

ಮೇಧಾ, ಅವತ್ತು ನೀನು ಅರಮನೆಯ ಭಾಷಣ ಹೇಳಲಿಲ್ಲ. ಆದರೆ ಸ್ಟೂಲಿನ ಮೇಲೆ ನಿಂತು ಎರಡು ಗಂಟೆ ಮಾತಾಡಿದೆ. ಒಂದೇ ಕೋಣೆಯ ಶಾಲೆ, ಮೇಷ್ಟ್ರ ಕಲ್ಲಿನ ರಾಶಿ, ಕಣಗಳ ಊರು ಸುತ್ತಾಟ, ಎಲ್ಲ ಹೇಳಿದೆಯಂತೆ. ನನಗೆ ನಿನ್ನ ಜಪಾನಿ ಭಾಷೆ ತಿಳಿಯಲಿಲ್ಲ. ನಡುನಡುವೆ "ಅಜ್ಜಿ" ಎನ್ನುವುದೊಂದು ಮಾತ್ರ ಕೇಳಿಸುತ್ತಿತ್ತು. ಅವರ ಮಾತಿನಲ್ಲಿ ಅದಕ್ಕೆ ಬೇರೆ ಶಬ್ದ ಇದೆ, ನೀನು ಬೆಳಿಗ್ಗೆ ದಾರಿಯಲ್ಲಿ ಗೆಳತಿಯರಿಗೆ ನನ್ನನ್ನು ತೋರಿಸಿ ಅದನ್ನೇ ಹೇಳುತ್ತಿದ್ದೆ. ಅವತ್ತು ಒಂದು ಸಲವೂ ಅದನ್ನು ಹೇಳಲಿಲ್ಲ. ಸಾಲಿನಲ್ಲಿದ್ದ ಮಕ್ಕಳೂ ಕೊನೆಗೆ ನನ್ನನ್ನು "ಅಜ್ಜಿ ಸಾನ್" ಎಂದು ಕೂಗುತ್ತಿದ್ದವು.

ಅದಾದ ಮೇಲೆ ಸಾತೋ ಸೆನ್ಸೇ ಎಲ್ಲ ಕ್ಲಾಸಿಗೂ ಚೀಲ ಬೇಕು ಎಂದು ಹೇಳಿ ಕಳಿಸಿದರು. ನನ್ನ ಗಂಟು ಖಾಲಿಯಾಗಿತ್ತು. ನಿಮ್ಮಮ್ಮ, ನಮ್ಮ ದೇಶದವರು ಹೆಚ್ಚಾಗಿರುವ ನಿಶಿ ಕಸಾಯಿಯ ಗೆಳತಿಯರ ಕಿವಿಗೆ ಸುದ್ದಿ ಹಾಕಿದಳು. ಒಂದೇ ವಾರದಲ್ಲಿ ಟೋಕಿಯೋ, ಯೋಕೋಹಾಮಾ ಕಡೆಯಿಂದೆಲ್ಲ ರವಿಕೆ ಕಣಗಳ ಪೆಟ್ಟಿಗೆ ಬಂದು ಬಿದ್ದವು. ಒಂದರ ಮೇಲೆ, "ಆಂಟಿ, ದಯವಿಟ್ಟು ವಾಪಸು ಕಳಿಸಬೇಡಿ" ಎಂದು ಬರೆದಿತ್ತು. ಈಗ ಬುಧವಾರ ಮಧ್ಯಾಹ್ನ ಹಯಾಶಿ ಸಾನ್ ನಮ್ಮ ಮನೆಗೆ ಬಂದು ನನ್ನ ಜೊತೆ ಕೂತು ಹೊಲಿಯುತ್ತಾರೆ. ಕಾಫಿಯನ್ನು ನಾನೇ ಅವರ ಕೈಗೆ ಕೊಡುತ್ತೇನೆ.

ಇನ್ನು ನೀವು ಕಾಣದ ಅರ್ಧ. ಅವತ್ತಿನ ಕೊನೆಯ ಪಂದ್ಯ ಹಯಾಶಿ ಸಾನ್‌ಗೂ ನನಗೂ ಸರಿಸಮ ಬಂದು, ಒಂದೇ ಒಂದು ನಾಲ್ಕರ ಆಟದಲ್ಲಿ ಇತ್ಯರ್ಥವಾಗಬೇಕಿತ್ತು. ಇಡೀ ಶಾಲೆ ಚಾಪೆಯ ಕಡೆ ಬಗ್ಗಿ ನೋಡುತ್ತಿತ್ತು. ನಾನು ಎಸೆದೆ, ಗುಡಿಸಿದೆ, ಹಿಡಿದೆ. ನೀವೆಲ್ಲ ಕುಣಿದಿರಿ. ಆದರೆ ಎಸೆಯುವ ಮುಂಚೆಯೇ ನನ್ನ ಸೆರಗು ಜಾರಿ ಅಂಚಿನ ಚೀಲಕ್ಕೆ ತಗುಲಿ, ಅದು ಅಲುಗಾಡಿತ್ತು. ಕೂದಲೆಳೆಯಷ್ಟಲ್ಲ, ಎರಡು ಬೆರಳಿನಷ್ಟು. ಹತ್ತಿರಕ್ಕೆ ಬಂದುಬಿಟ್ಟಿದ್ದರಿಂದಲೇ ನಾಲ್ಕೂ ಒಂದೇ ಮುಷ್ಟಿಗೆ ಸಿಕ್ಕವು. ನಾನು ಬಾಯಿ ಬಿಡಬೇಕಿತ್ತು. ಅಷ್ಟರಲ್ಲಿ ಅಂಪೈರು ಸ್ಟೂಲಿನಿಂದ ಹಾರಿ ಬಂದು ನನ್ನ ಕೊರಳಿಗೆ ಬಿದ್ದು, "ಗೆದ್ವಿ ಅಜ್ಜಿ, ಗೆದ್ವಿ!" ಎಂದು ಕನ್ನಡದಲ್ಲಿ ಕೂಗುತ್ತಿದ್ದಳು. ಹೊಟ್ಟೆ ನೋವು ಬರಬೇಕಿದ್ದ ಹುಡುಗಿ! ಆ ಮುಖ ನೋಡಿ, ಇಡೀ ದಿನ ಗಂಟಲು ಹರಿದುಕೊಂಡಿದ್ದ ನಾನು ಸರಿಯಾಗಿ ಆ ಒಂದು ನಿಮಿಷಕ್ಕೆ ಮತ್ತೆ ನಾಚಿಕೆಯ ಹೆಂಗಸಾಗಿಬಿಟ್ಟೆ. ನೀನು ನೋಡಿದೆಯೋ ಇಲ್ಲವೋ ಮೇಧಾ, ನಾನು ಕೇಳಿಲ್ಲ, ನೀನು ಹೇಳಿಲ್ಲ.

ಹಯಾಶಿ ಸಾನ್ ಇವತ್ತಿಗೂ ರಸ್ತೆ ದಾಟುವವರಿಗೆಲ್ಲ ನನ್ನನ್ನು ತೋರಿಸಿ, ತಮ್ಮನ್ನು ಸೋಲಿಸಿದವಳು ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಾನು ತಲೆ ಬಾಗಿಸುತ್ತೇನೆ. ವಿನಯ ಎಂದುಕೊಳ್ಳುತ್ತಾರೆ. ಮೊನ್ನೆ ಬುಧವಾರ ಇಂಚರಾ ಅವರಿಗೆ ಅ ಆ ಇ ಈ ಬರೆದು ಕೊಡುತ್ತಿದ್ದುದನ್ನು ನೋಡಿದೆ. ಬಹಳ ಚುರುಕು ಹೆಂಗಸು, ಆಗಲೇ ಕಾಗುಣಿತಕ್ಕೆ ಬಂದಿದ್ದಾರೆ. ಅದಕ್ಕೇ ಹೇಳುತ್ತೇನೆ ಮಕ್ಕಳೆ, ಈ ಹಾಳೆಗಳನ್ನು ಜೋಪಾನವಾಗಿ ಇಡಿ. ಹರಿಯಬೇಡಿ, ಕಳೆಯಬೇಡಿ, ದೊಡ್ಡವರಾದ ಮೇಲೆ ನಿಮ್ಮ ಮಕ್ಕಳಿಗೂ ಓದಿ ಹೇಳಿ. ಬುಧವಾರ ಮಧ್ಯಾಹ್ನ ಮಾತ್ರ ಅಟ್ಟದ ಮೇಲೆ, ಅವರ ಕೈಗೆ ಎಟುಕದ ಕಡೆ ಇಡಿ. ಅರ್ಧ ಗೇಣು ಕುಳ್ಳು ಎಂದೆನಲ್ಲ, ಸ್ಟೂಲು ಕೂಡ ಸಿಗದ ಹಾಗೆ ನೋಡಿಕೊಳ್ಳಿ.